ಕತ್ತರಿಗಿಂತ ಮೊದಲು ಕಣ್ಣು

ಗುಜರಿ ಅಂಗಡಿ, ವಾರದ ಸಂತೆ, ಹಳೆ ಬಟ್ಟೆಯ ರಾಶಿ ಇವುಗಳಿಂದ ಕರಕುಶಲಕ್ಕೆ ಬೇಕಾದ ಸಾಮಗ್ರಿ ಆಯುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಏಳಕ್ಕೆ ಈ ಸಲ ಉತ್ತರಿಸಿದ್ದೇನೆ.

ಪ್ರಶ್ನೆ: ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಭಾನುವಾರದ ಸಂತೆಗೆ ಆಗಾಗ ಹೋಗುತ್ತೇನೆ. ಅಷ್ಟೊಂದು ಸಾಮಾನು ಕಂಡರೆ ತಲೆ ಗಿರ್ರೆನ್ನುತ್ತದೆ. ಕಂಡದ್ದನ್ನೆಲ್ಲ ಹೊತ್ತು ತರುತ್ತೇನೆ, ಮನೆಯಲ್ಲಿ ಮೂಟೆಗಳು ಬಿದ್ದಿವೆ. ಏನು ಮಾಡಬೇಕೆಂಬುದು ಮಾತ್ರ ಹೊಳೆಯುವುದಿಲ್ಲ.
— ಚಿತ್ರಕಲಾ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಮನೆಯಿಂದ ಹೊರಡುವಾಗಲೇ ಒಂದು ಕಟ್ಟುಪಾಡು ಹಾಕಿಕೊಳ್ಳಿ. ಬ್ರಿಟಿಷ್ ಕಲಾವಿದ ಟಾಮ್ ಫಿಲಿಪ್ಸ್ 1966ರಲ್ಲಿ ಲಂಡನ್ನಿನ ಪೆಕಮ್‌ನಲ್ಲಿದ್ದ ಹಳೆ ಪೀಠೋಪಕರಣಗಳ ಮಳಿಗೆಗೆ ಹೋದದ್ದು ಹಾಗೆಯೇ. ಮೂರು ಪೆನ್ಸ್‌ಗೆ ಸಿಗುವ ಮೊದಲ ಪುಸ್ತಕ ಯಾವುದೇ ಇರಲಿ, ಅದರ ಮೇಲೆ ಕೆಲಸ ಮಾಡುತ್ತೇನೆ ಎಂಬುದು ಅವರ ನಿಯಮ. ಕೈಗೆ ಬಂದದ್ದು ಡಬ್ಲ್ಯು.ಎಚ್. ಮ್ಯಾಲಕ್ ಬರೆದ, ಜನ ಮರೆತಿದ್ದ 1892ರ ಕಾದಂಬರಿ. ಪುಟಪುಟಕ್ಕೂ ಬಣ್ಣ ಬಳಿದು, ಆಯ್ದ ಕೆಲವು ಪದಗಳನ್ನಷ್ಟೇ ಉಳಿಸಿ, ಅವುಗಳಿಂದ ಬೇರೊಂದು ಕಥೆಯನ್ನೇ ಎಬ್ಬಿಸಿದರು. 'ಎ ಹ್ಯೂಮ್ಯುಮೆಂಟ್' ಎಂಬ ಆ ಕೃತಿಯ ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. ಅಗ್ಗದ ಒಂದೇ ಒಂದು ಪುಸ್ತಕ ಐವತ್ತು ವರ್ಷದ ಕೆಲಸ ಕೊಟ್ಟಿತು.

ನಿಮ್ಮ ನಿಯಮ ಇನ್ನೂ ಸರಳವಾಗಿರಲಿ: 'ಈ ವಾರ ನೀಲಿ ಮಾತ್ರ', 'ಕೈಚೀಲದಲ್ಲಿ ಹಿಡಿಸುವಷ್ಟು', 'ಹಿಂದೆ ತಂದದ್ದರಲ್ಲಿ ಒಂದಾದರೂ ಮುಗಿದ ಮೇಲೆ'. ಕೊಳ್ಳುವ ಮುಂಚೆ ವಸ್ತುವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಯಾವುದರಿಂದ ಮಾಡಿದ್ದಾರೆ? ಹೇಗೆ ಜೋಡಿಸಿದ್ದಾರೆ? ಎಲ್ಲಿ ಸವೆದಿದೆ? ಮುರಿದ ಕೊಡೆಯನ್ನು ಬಿಚ್ಚಿದರೆ ನೀರು ಸೋರದ ತ್ರಿಕೋನ ಬಟ್ಟೆಗಳು ಸಿಗುತ್ತವೆ. ಅವುಗಳ ಆಕಾರವೇ ಚೀಲದ ವಿನ್ಯಾಸ ಹೇಳುತ್ತದೆ. ಹೊಳಹು ಆಕಾಶದಿಂದ ಇಳಿಯುವುದಿಲ್ಲ. ವಸ್ತುವಿನ ಹೊಲಿಗೆ, ಬೆಸುಗೆ, ಸವಕಲನ್ನು ಓದಿದವರಿಗೆ ಅದು ಅಲ್ಲೇ ಸಿಗುತ್ತದೆ. ಈ ಪತ್ರಗಳಿಗೆಲ್ಲ ನನ್ನ ಉತ್ತರದ ತಿರುಳೂ ಇದೇ.

ಪ್ರಶ್ನೆ: ಅಜ್ಜಿಯ ಇಳಕಲ್ ಸೀರೆಗಳ ಜೊತೆ ಸಂತೆಯಲ್ಲಿ ಕೊಂಡ ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿದೆ. ಮೊದಲ ಸಲ ಒಗೆದಾಗಲೇ ಕೆಂಪು ಬಣ್ಣ ಬಿಳಿಗೆ ಹತ್ತಿತು, ಕೆಲವು ತುಂಡು ಮುದುಡಿದವು. ಎಲ್ಲಿ ತಪ್ಪಿತು?
— ಗೃಹಿಣಿ, ಗದಗ

ಉತ್ತರ: ನಿಮ್ಮ ಹೊಲಿಗೆಯಲ್ಲಿ ತಪ್ಪಿಲ್ಲ, ಬೇರೆ ಬೇರೆ ಜಾತಿಯ ನೂಲುಗಳು ಒಂದೇ ಹಾಸಿಗೆ ಸೇರಿವೆ. ಇಳಕಲ್ ಸೀರೆಯ ಒಡಲು ಹತ್ತಿಯದಾಗಿದ್ದು ಸೆರಗು ರೇಷ್ಮೆಯದೋ ನೇಕಾರರು 'ಚಮಕಾ' ಎನ್ನುವ ಕೃತಕ ರೇಷ್ಮೆಯದೋ ಆಗಿರುವುದುಂಟು. ಚಮಕಾ ಎಂದರೆ ರೇಯಾನ್. ಅದು ಒದ್ದೆಯಾದಾಗ ಶಕ್ತಿ ಕಳೆದುಕೊಳ್ಳುತ್ತದೆ. ಹತ್ತಿಯಂತೆ ಎಳೆದು ಹಿಂಡಿದರೆ ಹರಿಯುತ್ತದೆ. ಅದಕ್ಕೇ ಒಡಲು ಮತ್ತು ಸೆರಗನ್ನು ಎರಡು ಬೇರೆ ಬಟ್ಟೆಗಳೆಂದೇ ಭಾವಿಸಿ.

ಗುರುತಿಸಲು ನಾಲ್ಕೆಳೆ ನೂಲು ಸಾಕು. ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಸುಡಿ. ಹತ್ತಿ ಮತ್ತು ರೇಯಾನ್ ಸುಟ್ಟ ಕಾಗದದ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತವೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕಪ್ಪು ಮಸಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಗೂ ರೇಯಾನಿಗೂ ವ್ಯತ್ಯಾಸ ತಿಳಿಯಬೇಕೆಂದರೆ ಎಳೆಯನ್ನು ಒದ್ದೆ ಮಾಡಿ ಜಗ್ಗಿ. ರೇಯಾನ್ ಸುಲಭವಾಗಿ ತುಂಡಾಗುತ್ತದೆ. ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆ ಬಿಳಿ ಬಟ್ಟೆಯನ್ನು ಅಂಚಿನ ಮೇಲೆ ಒತ್ತಿ ಹಿಡಿಯಿರಿ. ಕತ್ತರಿಸುವ ಮುನ್ನವೇ ಎಲ್ಲವನ್ನೂ ಬೇರೆ ಬೇರೆಯಾಗಿ ಒಗೆದು ಒಣಗಿಸಿದರೆ, ಮುದುಡುವುದು ಮೊದಲೇ ಮುದುಡಿರುತ್ತದೆ.

ಕೌದಿಯ ಜಾಣ್ಮೆ ಇರುವುದು ಸಾಲಿನಲ್ಲಿ. ಒತ್ತೊತ್ತಾಗಿ ಓಡುವ ಎಳೆ ಹೊಲಿಗೆಯೇ ಜೀರ್ಣವಾದ ಪದರಗಳನ್ನು ಹಿಡಿದಿಡುತ್ತದೆ. ತೀರ ನವೆದ ಬಟ್ಟೆ ಒಳಗೆ, ಗಟ್ಟಿ ಧೋತರ ಅಡಿಗೆ, ಚೆಂದದ್ದು ಮೇಲೆ ಇರಲಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯನ್ನೂ ನೋಡಿ ಬನ್ನಿ. ಅವರು ಅಂಚಿನಿಂದ ಶುರು ಮಾಡಿ ನಡುವಿಗೆ ಹೊಲಿಯುತ್ತ ಬರುತ್ತಾರೆ, ಮೂಲೆಗಳಿಗೆ ಮಡಿಚಿದ ತ್ರಿಕೋನದ 'ಫೂಲ'ಗಳನ್ನು ಇಡುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆ ಇರುವುದಿಲ್ಲ. ಕೈಗೆ ಸಿಕ್ಕ ತುಂಡೇ ಮುಂದಿನ ತುಂಡನ್ನು ಕರೆಯುತ್ತದೆ.

ಪ್ರಶ್ನೆ: ಇಲ್ಲಿಗೆ ಬಂದ ಮೇಲೆ ಅಮ್ಮ ಕಲಿಸಿದ ಕಸೂತಿಯನ್ನು ಮತ್ತೆ ಹಿಡಿದಿದ್ದೇನೆ. ಎಳೆ ಎಣಿಸಲು ಬರುವ ಬಟ್ಟೆ ಹೊಸದಾಗಿ ಕೊಳ್ಳಲು ದುಬಾರಿ. ಚಾರಿಟಿ ಅಂಗಡಿಗಳಲ್ಲಿ ಏನನ್ನು ಹುಡುಕಲಿ?
— ಧಾರವಾಡದವರು, ಈಗ ಲೆಸ್ಟರ್, ಇಂಗ್ಲೆಂಡ್

ಉತ್ತರ: ನೀವು ಸರಿಯಾದ ಊರಲ್ಲೇ ಇದ್ದೀರಿ. ಬ್ರಿಟನ್ನಿನ ಚಾರಿಟಿ ಅಂಗಡಿಗಳ ಮೂಲೆಯ ಬುಟ್ಟಿಗಳಲ್ಲಿ ಹಳೆಯ ಲಿನನ್ ಮೇಜುಹಾಸು, ಕೈವಸ್ತ್ರ, ತಟ್ಟೆಯಡಿಯ ಚೌಕಗಳು ಸಿಗುತ್ತಿರುತ್ತವೆ. ಕಸೂತಿಯಲ್ಲಿ ನಾವು ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ನಡೆಯುತ್ತೇವೆ. ಆದ್ದರಿಂದ ಹಾಸುಹೊಕ್ಕಿನ ಸಾದಾ ನೆಯ್ಗೆಯ ಲಿನನ್ ನಿಮಗೆ ಹೇಳಿ ಮಾಡಿಸಿದ್ದು.

ಪುಟ್ಟ ಅಳತೆಪಟ್ಟಿ ಒಯ್ಯಿರಿ. ಒಂದು ಸೆಂಟಿಮೀಟರಿನಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಎಣಿಸಿ. ಎರಡೂ ಸಮವಾಗಿದ್ದರೆ ನೀವು ಹೊಲಿದ ಗೋಪುರ ಗೋಪುರವಾಗಿಯೇ ನಿಲ್ಲುತ್ತದೆ. ಇಲ್ಲದಿದ್ದರೆ ಉದ್ದಕ್ಕೆ ಎಳೆದಂತೆಯೋ ಕುಳ್ಳಾಗಿಯೋ ಕಾಣುತ್ತದೆ. ನೆಯ್ಗೆಯಲ್ಲೇ ಹೂಬಳ್ಳಿ ಇರುವ ಡಮಾಸ್ಕ್ ಬೇಡ, ಅದರಲ್ಲಿ ಎಳೆ ಕಾಣಿಸದು. ಬಟ್ಟೆಯನ್ನು ಬೆಳಕಿಗೆ ಹಿಡಿದು ತೆಳುವಾದ ಕಡೆ ಗುರುತು ಮಾಡಿಕೊಳ್ಳಿ.

ಗವಂತಿ, ಮುರಗಿ, ನೇಗಿ, ಮೆಂತೆ ಈ ನಾಲ್ಕು ಕಸೂತಿ ಹೊಲಿಗೆಗಳಲ್ಲಿ ಹಳೆ ಬಟ್ಟೆಗೆ ಗವಂತಿಯಿಂದ ಶುರು ಮಾಡುವುದು ಒಳ್ಳೆಯದು. ಗಂಟಿಲ್ಲದೆ, ಹೋದ ದಾರಿಯಲ್ಲೇ ಮರಳಿ ಬಂದು, ಎರಡೂ ಮಗ್ಗುಲು ಒಂದೇ ತೆರ ಕಾಣುವ ಹೊಲಿಗೆ ಅದು. ಬಟ್ಟೆಯ ಮೇಲೆ ಎಳೆತವೂ ಕಡಿಮೆ. ಅದೇ ಬುಟ್ಟಿಗಳಲ್ಲಿ ಹಳೆಯ ಕಸೂತಿದಾರದ ಲಡಿಗಳೂ ಸಿಗಬಹುದು. ಅವುಗಳಿಗೂ ಒದ್ದೆ ಬಟ್ಟೆಯ ಪರೀಕ್ಷೆ ಮಾಡಿ. ಎಳೆ ಜಗ್ಗಿದೊಡನೆ ಹರಿದರೆ ಬಿಟ್ಟುಬಿಡಿ.

ಪ್ರಶ್ನೆ: ಹಳೆ ಬಟ್ಟೆಯ ಮುಗ್ಗಲು ವಾಸನೆ, ತಿಗಣೆ ಭಯ. ಮನೆಯವರು ಒಳಗೆ ತರಲು ಬಿಡುವುದಿಲ್ಲ.
— ಟೈಲರಿಂಗ್ ಕಲಿಯುತ್ತಿರುವವರು, ಶಿವಮೊಗ್ಗ

ಉತ್ತರ: ಅವರ ಭಯ ನ್ಯಾಯವಾದದ್ದೇ. ತಂದ ಬಟ್ಟೆಯನ್ನು ಚೀಲದ ಬಾಯಿ ಕಟ್ಟಿ ಹೊರಗೇ ಇಡಿ. ಹೊಲಿಗೆಯ ಮಡಿಕೆ, ಕಾಲರಿನ ಅಡಿ, ಜೇಬಿನ ಮೂಲೆಗಳನ್ನು ಬಿಸಿಲಲ್ಲಿ ಪರೀಕ್ಷಿಸಿ. ಬಣ್ಣ ಬಿಡದ ಹತ್ತಿಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ತಿಗಣೆಯೂ ಮೊಟ್ಟೆಯೂ ಸಾಯುತ್ತವೆ. ರೇಷ್ಮೆ, ಉಣ್ಣೆ ಅಷ್ಟು ಬಿಸಿ ತಾಳುವುದಿಲ್ಲ. ಅವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ನಾಲ್ಕು ದಿನ ಇಟ್ಟು, ಆಮೇಲೆ ಅಂಟುವಾಳದ ನೊರೆಯಲ್ಲಿ ಅದ್ದಿ ತೆಗೆಯಿರಿ. ಮುಗ್ಗಲು ಹೋಗಲು ಗಾಳಿ ಬೇಕು. ನುಸಿಗುಳಿಗೆ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ.

ಪ್ರಶ್ನೆ: ಹಳೆ ಪುಸ್ತಕ, ದೇವರ ಪಟ, ಕ್ಯಾಲೆಂಡರುಗಳನ್ನು ಕತ್ತರಿಸಿ ಕೊಲಾಜ್ ಮಾಡುತ್ತೇನೆ. ಮೊನ್ನೆ ಹಳೆಪೇಪರ್ ಅಂಗಡಿಯಲ್ಲಿ ತಾಳೆಗರಿಯ ಕಟ್ಟೊಂದು ಸಿಕ್ಕಿತು. ಅದನ್ನು ಬಿಡಿಸಿ ಗೋಡೆಗೆ ಅಲಂಕಾರ ಮಾಡಬಹುದೇ?
— ಕಲಾಸಕ್ತರು, ಮೈಸೂರು

ಉತ್ತರ: ದಯವಿಟ್ಟು ಅದರ ದಾರ ಕೂಡ ಬಿಚ್ಚಬೇಡಿ. ನಿಮ್ಮೂರಿನಲ್ಲೇ ಇರುವ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಒಯ್ದು ತೋರಿಸಿ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು, ತಂಜಾವೂರು ಕಡೆಯ ಪಂಡಿತರೊಬ್ಬರು ಇದೇ ಸಂಸ್ಥೆಗೆ ಒಪ್ಪಿಸಿದ್ದ ತಾಳೆಗರಿ ಕಟ್ಟಿನಲ್ಲಿ. 1909ರಲ್ಲಿ ಅದು ಅಚ್ಚಾಯಿತು. ನಿಮ್ಮ ಕಟ್ಟಿನಲ್ಲಿ ಮನೆಯ ಲೆಕ್ಕವೋ ಹಾಡುಗಳೋ ಇರಬಹುದು, ಆದರೆ ಅದನ್ನು ಓದಬಲ್ಲವರು ಓದಿದ ಮೇಲಷ್ಟೇ ತೀರ್ಮಾನ. ಕಾನೂನೂ ಇದೆ: 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಕನಿಷ್ಠ 75 ವರ್ಷ ಹಳೆಯದಾದ, ಚಾರಿತ್ರಿಕ ಅಥವಾ ಸಾಹಿತ್ಯಕ ಮೌಲ್ಯದ ಹಸ್ತಪ್ರತಿ ಪುರಾವಸ್ತುವೆನಿಸುತ್ತದೆ.

ಅಚ್ಚಾದ ಕಾಗದದ ವಿಷಯ ಬೇರೆ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಶುರು ಮಾಡಿದ ಮುದ್ರಣಾಲಯದ ದೇವರ ಪಟಗಳು ಮನೆಮನೆ ಸೇರಿದಾಗ, ಹೆಣ್ಣುಮಕ್ಕಳು ಲಕ್ಷ್ಮಿ ಸರಸ್ವತಿಯರಿಗೆ ನಿಜವಾದ ಬಟ್ಟೆ, ಜರಿ, ಮಣಿ, ಚಮಕಿ ಹೊಲಿದು ಉಡಿಸಿದರು. ಅಚ್ಚಿನ ಪ್ರತಿಯೊಂದೂ ಅವರ ಕೈಯಲ್ಲಿ ಬೇರೊಂದೇ ಪಟವಾಯಿತು. ಇಂದು ಅವು ಸಂಗ್ರಾಹಕರು ಹುಡುಕುವ ಕಲಾಕೃತಿಗಳು. ನೀವು ಹಿಡಿಯಬಹುದಾದ ದಾರಿ ಅದು: ಕತ್ತರಿಸಿ ಕಳೆಯುವ ಬದಲು ಕೂಡಿಸುವುದು.

ಹಳೆಯ ಪಟವನ್ನು ಸ್ಕ್ಯಾನ್ ಮಾಡಿ ಪ್ರತಿಯ ಮೇಲೆ ಕೆಲಸ ಮಾಡಿ. ಮೂಲಕ್ಕೆ ಕತ್ತರಿ ಹಾಕುವುದೇ ಆದರೆ ಗೆದ್ದಲು ತಿಂದ, ಪುಟ ಕಳೆದ, ಬೇರೆ ಪ್ರತಿಗಳು ಧಾರಾಳವಾಗಿ ಸಿಗುವ ಪುಸ್ತಕ ಆರಿಸಿ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುತ್ತದೆ, ಆ ಕಾಗದ ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಆಮ್ಲರಹಿತ ಕಾಗದದ ಮೇಲೆ ಅಂಟಿಸಿ, ನೇರ ಬಿಸಿಲು ಬೀಳದ ಗೋಡೆಗೆ ಹಾಕಿ.

ಪ್ರಶ್ನೆ: ಕೆಡವಿದ ಮನೆಯ ಬಾಗಿಲು, ಕಿಟಕಿಗಳಿಂದ ಟೀಪಾಯಿ, ಕನ್ನಡಿ ಚೌಕಟ್ಟು ಮಾಡಬೇಕೆಂದಿದ್ದೇನೆ. ಜೊತೆಗೆ ಹಿತ್ತಾಳೆಯ ಹಿಡಿಕೆಗಳು, ಜಿಂಕೆಕೊಂಬಿನ ಗೂಟವೂ ಸಿಕ್ಕಿವೆ. ಏನು ಎಚ್ಚರ ವಹಿಸಬೇಕು?
— ಬಡಗಿ, ಉಡುಪಿ

ಉತ್ತರ: ಮೊದಲು ಜಿಂಕೆಕೊಂಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ, ಖರೀದಿ ಅಪರಾಧ, ದಂತವೂ ಹಾಗೆಯೇ. ಅದನ್ನು ಮುಟ್ಟಬೇಡಿ.

ಮರಕ್ಕೆ ಬರೋಣ. ತೂತುಗಳ ಅಡಿಯಲ್ಲಿ ಬಿಳಿಚಾದ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ. ಅಂಥದ್ದನ್ನು ಉಳಿದ ಮರದಿಂದ ದೂರವಿಟ್ಟು, ಬಣ್ಣ ತೆಗೆದು, ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಕುಡಿಸಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ; ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಇರಲಿ, ಮಕ್ಕಳು ಸುಳಿಯದಿರಲಿ. ಅಂಥ ಮರದಿಂದ ತೊಟ್ಟಿಲು, ಆಟಿಕೆ ಮಾಡಬೇಡಿ.

ಹಿಡಿಕೆಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲೆ ಲೇಪ ಮಾತ್ರ. ಅಪ್ಪಟ ಹಿತ್ತಾಳೆಯಾಗಿದ್ದರೆ ಹುಣಸೆಹಣ್ಣು ಉಪ್ಪಿನಿಂದ ಫಳಫಳ ಮಾಡುವ ಆತುರ ಬೇಡ. ಕೈ ಸವರಿ ಬಂದ ಆ ಕಂದು ಮೆರುಗಿಗೆ ದಶಕಗಳು ಹಿಡಿದಿವೆ.

ನೀವು ಮಣಿಪಾಲಕ್ಕೆ ಹತ್ತಿರದಲ್ಲೇ ಇದ್ದೀರಿ. ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಅಳತೆಪಟ್ಟಿ, ನೋಟ್‌ಬುಕ್ ಹಿಡಿದು ಹೋಗಿ. ಜನ ಕೆಡವುತ್ತಿದ್ದ ಮನೆಗಳನ್ನು ಅವರು ಬಿಡಿಬಿಡಿಯಾಗಿ ಉಳಿಸಿ ಅಲ್ಲಿ ಮತ್ತೆ ನಿಲ್ಲಿಸಿದರು. ಮೊಳೆಯಿಲ್ಲದೆ ಕೂಡಿಸಿದ ಸಂದುಗಳನ್ನು ಅಲ್ಲಿ ನೋಡಿದ ಮೇಲೆ, ನಿಮ್ಮ ಬಾಗಿಲಿನ ಯಾವ ಭಾಗವನ್ನು ಕೊಯ್ಯಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬುದು ನಿಮಗೇ ತಿಳಿಯುತ್ತದೆ. ಬಾಗಿಲು ಇನ್ನೂ ಬಾಗಿಲಾಗಿ ನಿಲ್ಲಬಲ್ಲುದಾದರೆ ಬಾಗಿಲಾಗಿ ಬೇಕೆನ್ನುವವರಿಗೆ ಕೊಡಿ. ಮುರಿದದ್ದೇ ಟೀಪಾಯಿಗೆ ಧಾರಾಳ.

ಪ್ರಶ್ನೆ: ನನ್ನ ಏಳನೇ ತರಗತಿ ಮಕ್ಕಳಿಗೆ ಹಳೆ ವಸ್ತುಗಳಿಂದ ಕಲೆ ಕಲಿಸಬೇಕೆಂದಿದ್ದೇನೆ. ಆದರೆ ಬಡವರು ಉಡುವ ಬಟ್ಟೆಯನ್ನು ನಾವು ಅಲಂಕಾರಕ್ಕೆ ಕೊಂಡು ಹರಿಯುವುದು ಸರಿಯೇ? ಚೌಕಾಸಿ ಮಾಡಬಹುದೇ?
— ಶಾಲಾ ಶಿಕ್ಷಕಿ, ಕಲಬುರಗಿ

ಉತ್ತರ: ಈ ಪ್ರಶ್ನೆ ಕೇಳಿಯೇ ಕೆಲಸ ಶುರು ಮಾಡಬೇಕು. ಉಡಲು ಬರುವ ಸ್ವೆಟರ್, ಮಕ್ಕಳ ಅಂಗಿ, ಗಟ್ಟಿ ಪ್ಯಾಂಟುಗಳನ್ನು ರಾಶಿಯಲ್ಲೇ ಬಿಡಿ. ಅವುಗಳಿಗಾಗಿ ಕಾಯುವವರಿದ್ದಾರೆ. ಹರಿದದ್ದು, ಕಲೆಯಾದದ್ದು, ಜೋಡಿ ತಪ್ಪಿದ್ದು, ಯಾರೂ ಕೇಳದ ಅಳತೆಯದ್ದು ನಿಮ್ಮ ಪಾಲಿಗಿರಲಿ. ಮಾರುವವರಿಗೆ ನಿಮಗೆ ಬೇಕಾದುದನ್ನು ಹೇಳಿಡಿ: ಗುಂಡಿ, ಜಿಪ್, ಲೇಸು, ಅಂಚು. ಕೆಟ್ಟ ಬಟ್ಟೆಯಿಂದ ಅವನ್ನು ಬಿಚ್ಚಿ ತೆಗೆದಿಟ್ಟರೆ ಅವರಿಗೂ ನಾಲ್ಕು ಕಾಸು ಹೆಚ್ಚು. ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಪಡೆಯಲು ಬೀದಿ ಬೀದಿ ನಡೆಯುವವರ ಸಂಪಾದನೆ ಎಷ್ಟು ಸಣ್ಣದೆಂದು ನೆನೆದರೆ, ಅಲ್ಲಿ ಹತ್ತು ರೂಪಾಯಿಗೆ ಎಳೆದಾಡಲು ಮನಸ್ಸು ಬಾರದು. ನನ್ನ ಮಾತು ನೇರವಾಗಿಯೇ ಇದೆ: ಗುಜರಿಯಲ್ಲಿ ಚೌಕಾಸಿ ಬೇಡ.

ತರಗತಿಗೆ ಬ್ಯಾಟರಿ, ಟ್ಯೂಬ್‌ಲೈಟು, ಪಾದರಸದ ಥರ್ಮಾಮೀಟರು, ಹಳೆ ಟಿವಿ, ಔಷಧದ ಸೀಸೆ, ಸಿರಿಂಜು ಯಾವುದೂ ಬರಬಾರದು. ನಾಲ್ಕು ಮಕ್ಕಳಿಗೆ ಒಂದು ಮುರಿದ ವಸ್ತು ಕೊಡಿ. ಮೊದಲ ದಿನ ಬಿಚ್ಚುವುದು, ಭಾಗಗಳ ಚಿತ್ರ ಬರೆಯುವುದು, ಇಷ್ಟೇ. ಏನಾದರೂ ಮಾಡುವುದು ಎರಡನೇ ದಿನಕ್ಕೆ. ಆ ಒಂದು ದಿನದ ತಡೆಯಿಂದ ಮಕ್ಕಳ ಕೈ ಎಷ್ಟು ಬೇರೆ ರೀತಿ ಓಡುತ್ತದೆಂದು ನೀವೇ ಕಾಣುವಿರಿ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಬಡಾವಣೆಯ ಗುಜರಿ ಅಂಗಡಿಯವರನ್ನು ಒಂದು ಗಂಟೆ ಪಾಠಕ್ಕೆ ಕರೆಯಿರಿ, ಆ ಗಂಟೆಯ ಸಂಭಾವನೆಯನ್ನೂ ಕೊಡಿ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ, ಹತ್ತಾರು ಬಗೆಯ ಪ್ಲಾಸ್ಟಿಕ್ಕನ್ನು ತೂಕ, ಬಣ್ಣ, ಸದ್ದು, ಗೀರಿನಿಂದಲೇ ಅವರು ಬೇರ್ಪಡಿಸುತ್ತಾರೆ. ಸಾಮಗ್ರಿಯನ್ನು ಓದುವ ವಿದ್ಯೆ ಅವರಲ್ಲಿರುವಷ್ಟು ನಮ್ಮ ಎಷ್ಟೋ ಕಲಾಶಾಲೆಗಳಲ್ಲಿಲ್ಲ. ಮಕ್ಕಳು ಅದನ್ನು ಅವರಿಂದಲೇ, ಗುರುವೆಂದು ಕೂರಿಸಿ, ಕಲಿಯಲಿ.