ನದಿಯ ಜೊತೆಯಲ್ಲಿ ನಗರಕ್ಕೆ

ಕೊಡಗಿನಲ್ಲಿ ಇಂದಿಗೂ ರೈಲುಮಾರ್ಗವಿಲ್ಲ. ಅಲ್ಲಿಂದ ದೂರದ ಊರಿಗೆ ಹೊರಟವರು ಬೆಟ್ಟವನ್ನಿಳಿಯುವ ರಸ್ತೆಯನ್ನೇ ನಂಬಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. ಅಲ್ಲಿಂದ ಬೆಂಗಳೂರಿಗೆ ಮತ್ತೆ ಸುಮಾರು 140 ಕಿಲೋಮೀಟರು. ಓದಿಗಾಗಿ, ಸೈನ್ಯದ ಸೇವೆಗಾಗಿ, ವ್ಯಾಪಾರಕ್ಕಾಗಿ ಕೊಡಗಿನ ಜನರು ತಲೆಮಾರುಗಳಿಂದ ಈ ದಾರಿಯನ್ನು ತುಳಿದಿದ್ದಾರೆ. 2018ರ ಬಳಿಕ ಹೊರಟ ಕೆಲವರಿಗೆ ಬೇರೊಂದು ಕಾರಣವೂ ಇತ್ತು. ಆ ವರ್ಷದ ಆಗಸ್ಟ್ ತಿಂಗಳ ಮಹಾಮಳೆಗೆ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಅನೇಕ ಬೆಟ್ಟಗಳು ಕುಸಿದು, ಮನೆಗಳೂ ತೋಟಗಳೂ ಗದ್ದೆಗಳೂ ಮಣ್ಣುಪಾಲಾದವು.

ಹಟ್ಟಿಹೊಳೆಯ ಸಮೀಪದ ಹಳ್ಳಿಯೊಂದರ ಇಬ್ಬರು ಗೆಳೆಯರು 2019ರ ಫೆಬ್ರವರಿಯಲ್ಲಿ ಈ ದಾರಿಯಲ್ಲಿ ಹೊರಟರು. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಒಬ್ಬನು ಆರು ವರ್ಷಗಳಿಂದ ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದನು. ರಜೆಗೆ ಊರಿಗೆ ಬಂದವನು ಈಗ ಹಿಂದಿರುಗುತ್ತಿದ್ದನು. ಇನ್ನೊಬ್ಬನು ತಂದೆಯ ಜೊತೆ ತೋಟ ನೋಡಿಕೊಂಡಿದ್ದವನು. ಮೈಸೂರಿನಿಂದ ಆಚೆಗೆ ಎಂದೂ ಹೋದವನಲ್ಲ. ಅವರ ಮನೆಯ ಗದ್ದೆಯ ಮೇಲೆ ಬೆಟ್ಟದ ಮಣ್ಣು ಆಳೆತ್ತರ ಕುಳಿತಿತ್ತು. ಉಳಿದಿದ್ದುದು ಮೇಲಿನ ಮೂರು ಎಕರೆ ಕಾಫಿ ತೋಟ ಮಾತ್ರ. ಅದನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ಬೆಟ್ಟದ ಮಗ್ಗುಲನ್ನು ಕಡಿದು ಸಮಮಾಡಿ, ಅಲ್ಲೊಂದು ರೆಸಾರ್ಟ್ ಕಟ್ಟುವುದು ಅವರ ಉದ್ದೇಶ. ಮಗನಿಗೆ ನಗರದಲ್ಲಿ ಕೆಲಸ ಸಿಕ್ಕಿದರೆ ತೋಟವನ್ನು ಕೊಟ್ಟುಬಿಡುವುದೆಂದು ತಂದೆ ಹೆಚ್ಚುಕಡಮೆ ನಿಶ್ಚಯಿಸಿದ್ದರು.

ಬಸ್ಸು ಮಡಿಕೇರಿಯನ್ನು ಬಿಟ್ಟು ಸುಂಟಿಕೊಪ್ಪದ ಕಡೆಗೆ ಇಳಿಯತೊಡಗಿತು. ಕಾಫಿಯ ಕೊಯ್ಲು ಮುಗಿದಿತ್ತು. ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು ಕಿಟಕಿಯ ಪಕ್ಕದಲ್ಲಿ ಹಿಂದೆ ಸರಿಯುತ್ತಿದ್ದವು. ತೋಟದ ಗೆಳೆಯನು ತಾಯಿ ಬಾಳೆಯೆಲೆಯಲ್ಲಿ ಕಟ್ಟಿಕೊಟ್ಟ ಅಕ್ಕಿರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮೌನವಾಗಿ ಕುಳಿತಿದ್ದನು. ಕುಶಾಲನಗರದಲ್ಲಿ ಕಾವೇರಿಯ ಸೇತುವೆ ಬಂತು. ಕೊಡಗಿನ ಎಲ್ಲೆ ಅಲ್ಲಿಗೆ ಮುಗಿದು ಮೈಸೂರು ಜಿಲ್ಲೆ ಆರಂಭವಾಗುತ್ತದೆ. ಹೊಳೆಯಲ್ಲಿ ನೀರಿಗಿಂತ ಕಲ್ಲುಗಳೇ ಹೆಚ್ಚಾಗಿ ಕಾಣುತ್ತಿದ್ದವು.

“ಇಲ್ಲಿಗೆ ನಮ್ಮ ಊರು ಮುಗಿಯಿತು” ಎಂದನು ತೋಟದ ಗೆಳೆಯ.

“ಊರು ಮುಗಿದರೂ ನೀರು ಮುಗಿಯುವುದಿಲ್ಲ ಮಾರಾಯ. ನಮ್ಮ ಹಟ್ಟಿಹೊಳೆ ಹಾರಂಗಿಗೆ ಸೇರುತ್ತದೆ. ಹಾರಂಗಿ ಇಲ್ಲಿಂದ ಸ್ವಲ್ಪ ಕೆಳಗೆ ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ಅದು ನಮಗಿಂತ ಮೊದಲೇ ಬೆಂಗಳೂರಿಗೆ ಹೋಗಿರುತ್ತದೆ” ಎಂದು ಇನ್ನೊಬ್ಬನು ನಕ್ಕನು.

ತೋಟದ ಗೆಳೆಯನಿಗೆ ಅದು ಬರಿಯ ಸಮಾಧಾನದ ಮಾತೆಂದು ತೋರಿತು. ಆದರೆ ದಾರಿಯು ಆ ಮಾತನ್ನು ಮತ್ತೆ ಮತ್ತೆ ನೆನಪಿಸಿತು. ಹುಣಸೂರಿನಲ್ಲಿ ಅವರು ಲಕ್ಷ್ಮಣತೀರ್ಥವನ್ನು ದಾಟಿದರು. ದಕ್ಷಿಣ ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟುವ ಆ ನದಿಯೂ, ಹೇಮಾವತಿಯೂ ಕನ್ನಂಬಾಡಿಯ ಬಳಿಯ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತವೆ. ಮೈಸೂರನ್ನು ಬಿಟ್ಟ ಮೇಲೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ಮತ್ತೆ ಎದುರಾಯಿತು. ದ್ವೀಪವನ್ನು ಬಳಸಿ ಎರಡು ಕವಲಾಗಿ ಹರಿಯುವ ನದಿಯನ್ನು ಅವರು ಎರಡು ಬಾರಿ ದಾಟಿದರು. ಮಂಡ್ಯದ ಸುತ್ತ ನಾಲೆಯ ನೀರಿನಿಂದ ಬೆಳೆದ ಕಬ್ಬು ನಿಂತಿತ್ತು. ಮದ್ದೂರಿನಲ್ಲಿ ಶಿಂಷಾ, ರಾಮನಗರದಲ್ಲಿ ಅರ್ಕಾವತಿ ಕಂಡವು. ಅವೂ ಕಾವೇರಿಯ ಉಪನದಿಗಳೇ.

ಸಂಜೆ ಕೆಂಗೇರಿ ಸಮೀಪಿಸುತ್ತಿದ್ದಂತೆ ಬಸ್ಸಿನೊಳಗೆ ದುರ್ಗಂಧ ತುಂಬಿತು. ರಸ್ತೆಯ ಪಕ್ಕದಲ್ಲಿ ಕಪ್ಪು ನೀರು ನೊರೆಯೊಡನೆ ಹರಿಯುತ್ತಿತ್ತು.

“ಇದಾವ ಚರಂಡಿ?”

“ಚರಂಡಿಯಲ್ಲ, ವೃಷಭಾವತಿ ನದಿ. ನಗರದ ಕೊಳೆಯನ್ನೆಲ್ಲ ಹೊತ್ತು ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆಯ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.”

ಮಡಿಕೇರಿಯ ಕಡೆಯಲ್ಲಿ ಹೊಳೆಯ ನೀರನ್ನು ಬೊಗಸೆಯಲ್ಲಿ ಕುಡಿದು ಬೆಳೆದವನು ಕಿಟಕಿಯನ್ನು ಮುಚ್ಚಲಿಲ್ಲ. ಆ ನೀರು ಕಣ್ಮರೆಯಾಗುವವರೆಗೂ ನೋಡುತ್ತಲೇ ಇದ್ದನು.

ಗೆಳೆಯನ ಬಾಡಿಗೆ ಕೋಣೆ ಪೀಣ್ಯಕ್ಕೆ ಅನತಿ ದೂರದ ಒಂದು ಇಕ್ಕಟ್ಟಾದ ಓಣಿಯಲ್ಲಿತ್ತು. ಮರುದಿನ ನಸುಕಿನಲ್ಲಿಯೇ ಬಿಂದಿಗೆಗಳ ಸದ್ದು ಕೇಳಿಸಿತು. “ಕಾವೇರಿ ಬಂತು, ಕಾವೇರಿ ಬಂತು” ಎಂದು ಹೆಂಗಸರು ಒಬ್ಬರನ್ನೊಬ್ಬರು ಎಬ್ಬಿಸುತ್ತಿದ್ದರು. ತೋಟದ ಗೆಳೆಯನು ದಿಗ್ಗನೆ ಎದ್ದು ಕುಳಿತನು. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾದಾಗ “ಕಾವೇರಿ ಬಂದಳು” ಎಂದು ಜನ ಕೈಮುಗಿಯುವುದನ್ನು ಅವನು ಬಲ್ಲನು. ಇಲ್ಲಿ ಅದೇ ಹೆಸರು ನಲ್ಲಿಯ ನೀರಿಗೆ ಸಂದಿತ್ತು. ಬೆಂಗಳೂರಿಗರು ಕೊಳವೆಬಾವಿಯ ನೀರನ್ನು ‘ಬೋರ್ ನೀರು’ ಎಂದೂ, ನಲ್ಲಿಯಲ್ಲಿ ಬರುವುದನ್ನು ‘ಕಾವೇರಿ’ ಎಂದೂ ಕರೆಯುತ್ತಾರೆ.

ಬೆಂಗಳೂರಿನ ದಂಡೆಯಲ್ಲಿ ದೊಡ್ಡ ನದಿಯಿಲ್ಲ. ಹಿಂದೆ ಕೆರೆಬಾವಿಗಳು ಅದನ್ನು ಪೋಷಿಸಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದಲೂ, 1933ರಿಂದ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರು ಬಂತು. ಅದೂ ಸಾಲದಾದಾಗ 1974ರಲ್ಲಿ ಕಾವೇರಿಯ ನೀರನ್ನು ತಂದರು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಹಂತಗಳಲ್ಲಿ ಪಂಪುಗಳು ನೀರನ್ನು ಏರಿಸುತ್ತವೆ. ಗೆಳೆಯರು ಪ್ರಯಾಣ ಮಾಡಿದ ಕಾಲಕ್ಕೆ ದಿನವೊಂದಕ್ಕೆ ಸುಮಾರು 140 ಕೋಟಿ ಲೀಟರು ಹೀಗೆ ಬರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಆರಂಭವಾಗಿ, ಇನ್ನೂ 77.5 ಕೋಟಿ ಲೀಟರು ತರುವ ಏರ್ಪಾಡಾಯಿತು.

ನಲ್ಲಿಯ ಬಳಿ ಮನೆಯ ಒಡತಿ, ವಯಸ್ಸಾದ ತಾಯಿ, ಬಿಂದಿಗೆ ತುಂಬಿಸುತ್ತಿದ್ದರು. ಹೊಸಬನನ್ನು ಕಂಡು ವಿಚಾರಿಸಿದರು: “ಯಾವೂರಪ್ಪಾ ನಿನ್ನದು?”

“ಮಡಿಕೇರಿ ಕಡೆ, ಅಮ್ಮಾ.”

“ಹೌದೇ! ಹೋದ ವರ್ಷ ನಿಮ್ಮಲ್ಲಿ ಒಳ್ಳೆಯ ಮಳೆಯಾಯಿತಂತೆ. ಕಟ್ಟೆ ತುಂಬಿತು. ನಿಮ್ಮಲ್ಲಿ ಮಳೆಯಾದರೆ ತಾನೇ ನಮಗಿಲ್ಲಿ ನೀರು?”

ಅವನಿಗೆ ಉತ್ತರ ತೋಚಲಿಲ್ಲ. ತನ್ನ ಗದ್ದೆಯನ್ನು ಹೂತ ಮಳೆಯೇ ಈ ತಾಯಿಯ ಬಿಂದಿಗೆಯನ್ನು ತುಂಬಿತ್ತು. ಗೆಳೆಯನು ಮೆಲ್ಲನೆ ನಡೆದ ಸಂಗತಿಯನ್ನು ತಿಳಿಸಿದನು. ಆಕೆ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯೋ, ನಮಗದು ಗೊತ್ತೇ ಇರಲಿಲ್ಲವಲ್ಲಪ್ಪಾ. ಮನೆಯವರೆಲ್ಲ ಕ್ಷೇಮವೇ?” ಎಂದು ಕೇಳಿದರು.

ಆ ರಾತ್ರಿ ಗೆಳೆಯರು ಬಹಳ ಹೊತ್ತು ಮಾತನಾಡಿದರು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಮಳೆಗಾಲದ ನಾಲ್ಕು ತಿಂಗಳುಗಳಲ್ಲಿ. ಆ ನೀರನ್ನು ಮರಗಳ ಬೇರು, ಕಾಡಿನ ತರಗೆಲೆ, ಕಣಿವೆಯ ಗದ್ದೆಗಳು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಟ್ಟರೆ ಫೆಬ್ರವರಿಯಲ್ಲಿಯೂ ಹೊಳೆ ಹರಿಯುತ್ತದೆ. ಇಳಿಜಾರನ್ನು ಲಂಬವಾಗಿ ಕಡಿದು ಮರಗಳನ್ನು ತೆಗೆದರೆ ಮಳೆಗಾಲದಲ್ಲಿ ಮಣ್ಣು ಜಾರುತ್ತದೆ, ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ. 2018ರ ಕುಸಿತಗಳಿಗೆ ಅತಿವೃಷ್ಟಿಯೊಡನೆ ಇಂತಹ ಕಡಿತಗಳೂ ಕಾರಣವೆಂದು ಭೂವಿಜ್ಞಾನಿಗಳು ತಿಳಿಸಿದ್ದರು.

“ನಮ್ಮ ಮೂರು ಎಕರೆಯಿಂದ ಬೆಂಗಳೂರಿಗೆ ಎಷ್ಟು ನೀರು ಬಂದೀತು? ಒಂದು ಹನಿಯೂ ಲೆಕ್ಕಕ್ಕೆ ಸಿಗದು” ಎಂದನು ತೋಟದ ಗೆಳೆಯ.

“ಬೆಂಗಳೂರಿನ ಮಾತು ಹಾಗಿರಲಿ. ನಿನ್ನ ತೋಟದ ಕೆಳಗೆ ಏಳು ಮನೆಗಳಿವೆ. ಮೇಲಿನ ಬೆಟ್ಟವನ್ನು ಕಡಿದರೆ ಅವರ ಗತಿಯೇನು? ಅದನ್ನು ಮೊದಲು ಯೋಚಿಸು” ಎಂದನು ಇನ್ನೊಬ್ಬನು.

ಆ ಮಾತಿಗೆ ಎದುರಾಡಲು ಅವನಲ್ಲಿ ಏನೂ ಇರಲಿಲ್ಲ. ಹಣದ ಅಗತ್ಯವೂ ಸುಳ್ಳಾಗಿರಲಿಲ್ಲ. ಗದ್ದೆ ಹೋದ ಮನೆಯಲ್ಲಿ ಅಕ್ಕಿಯನ್ನು ಅಂಗಡಿಯಿಂದ ತರಬೇಕಾಗಿತ್ತು; ತಂಗಿಯ ಓದು ಇನ್ನೂ ಮುಗಿದಿರಲಿಲ್ಲ. ಮರುವಾರ ಅವನು ಗೆಳೆಯನ ಕಾರ್ಖಾನೆಯಲ್ಲಿಯೇ ಕೆಲಸಕ್ಕೆ ಸೇರಿದನು. ತಿಂಗಳ ಸಂಬಳದಲ್ಲಿ ಮನೆಗೆ ಕಳುಹಿಸಬಹುದಾದ ಮೊತ್ತವನ್ನು ಲೆಕ್ಕ ಹಾಕಿ, ತೋಟ ಕೊಳ್ಳುವವರಿಗೆ ಮಾತು ಕೊಡಬಾರದೆಂದು ತಂದೆಗೆ ದೂರವಾಣಿಯಲ್ಲಿ ತಿಳಿಸಿದನು. ತಂದೆ ಒಡನೆಯೇ ಒಪ್ಪಲಿಲ್ಲ. ಎರಡು ದಿನ ಕಳೆದ ಮೇಲೆ, ಕುಸಿದ ಅಂಚಿಗೆ ನೆಡಲು ಲಾವಂಚದ ಬುಡಗಳನ್ನು ಹೇಳಿಟ್ಟಿರುವುದಾಗಿಯೂ, ಮಳೆ ಹಿಡಿಯುವ ಹೊತ್ತಿಗೆ ಇಬ್ಬರೂ ನಾಲ್ಕು ದಿನದ ರಜೆ ಪಡೆದು ಬರಬೇಕೆಂದೂ ಅವರೇ ಹೇಳಿಕಳುಹಿಸಿದರು.