ನೋವು ನುಂಗಬೇಡಿ, ನಡಿಗೆ ನಿಲ್ಲಿಸಬೇಡಿ
(ಸೊಂಟದ ಕೀಲು ಬದಲಿಸಿದ ನಂತರದ ಆರೈಕೆ – ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಮಳೆಗಾಲದ ಒಂದು ದಿನ ನಮ್ಮ ಸಂಘವೊಂದರ ಹಿರಿಯ ಸದಸ್ಯೆ ಬಚ್ಚಲಿನಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯಿತು. ಆಸ್ಪತ್ರೆಯಲ್ಲಿ ಕೀಲು ಬದಲಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದರು, ವಾರದೊಳಗೆ ಮನೆಗೆ ಕಳಿಸಿದರು. ಹತ್ತು ದಿನ ಬಿಟ್ಟು ನಾನು ನೋಡಲು ಹೋದಾಗ ಅವರು ಮಂಚ ಬಿಟ್ಟು ಏಳುತ್ತಲೇ ಇರಲಿಲ್ಲ.

"ಮಾತ್ರೆ ತಗೊಳ್ತಿದ್ದೀರಾ ಅಮ್ಮ?" ಎಂದು ಕೇಳಿದೆ.

"ಇಲ್ಲ ಸಿಸ್ಟರ್, ಮನೆಗೆ ಬಂದ ಮೂರನೇ ದಿನವೇ ಎಲ್ಲ ಬಿಟ್ಟೆ. ನೋವಿನ ಮಾತ್ರೆ ಕಿಡ್ನಿ ಹಾಳು ಮಾಡುತ್ತಂತೆ. ನಾಲ್ಕು ಹೆತ್ತವಳಿಗೆ ಇದೇನು ದೊಡ್ಡ ನೋವು?"

"ಮತ್ತೆ ನಡೀತಾ ಇಲ್ಲ ಯಾಕೆ?"

"ಕಾಲು ಊರಿದ್ರೆ ಜೀವ ಹೋಗುತ್ತೆ ಸಿಸ್ಟರ್."

ಈ ಎರಡು ಉತ್ತರಗಳಲ್ಲೇ ಇಂದಿನ ಪಾಠ ಇದೆ. ಮಾತ್ರೆ ಬಿಟ್ಟದ್ದರಿಂದ ನೋವು ಹೆಚ್ಚಿತು. ನೋವಿನಿಂದ ನಡಿಗೆ ನಿಂತಿತು. ಯಾವ ಮಾತ್ರೆ ಯಾವುದಕ್ಕೆ ಎಂದು ತಿಳಿಯದೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಮಾತ್ರೆಯನ್ನೂ ಬಿಟ್ಟಿದ್ದರು. ಸೆರಗು ಸರಿಸಿ ನೋಡಿದರೆ ಆ ಕಾಲಿನ ಮೀನಖಂಡ ಊದಿ ಬಿಗಿದಿತ್ತು. ಕೂಡಲೇ ಆಸ್ಪತ್ರೆಗೆ ಕರೆದೊಯ್ದೆವು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಶ್ವಾಸಕೋಶಕ್ಕೆ ಹೋಗಿದ್ದರೆ ಜೀವಕ್ಕೇ ಅಪಾಯವಿತ್ತು. ಸಮಯಕ್ಕೆ ಚಿಕಿತ್ಸೆ ಸಿಕ್ಕಿ ಉಳಿದರು.

1. ಏನನ್ನು ಬದಲಿಸುತ್ತಾರೆ?

ಒರಳಿನ ಗುಂಡಿಯಲ್ಲಿ ಗುಂಡುಕಲ್ಲು ತಿರುಗುವುದನ್ನು ನೀವೆಲ್ಲ ನೋಡಿದ್ದೀರಿ. ಸೊಂಟದ ಕೀಲೂ ಹಾಗೆಯೇ. ತೊಡೆಯ ಮೂಳೆಯ ಉರುಟಾದ ತುದಿ ಸೊಂಟದ ಮೂಳೆಯ ಗುಂಡಿಯೊಳಗೆ ತಿರುಗುತ್ತದೆ. ಸಂಧಿವಾತದಿಂದ ಅದು ಸವೆಯಬಹುದು, ರಕ್ತ ಹರಿಯದೆ ಮೂಳೆ ಸಾಯಬಹುದು, ಬಿದ್ದು ಮುರಿಯಬಹುದು. ಆಗ ಹಾಳಾದ ಭಾಗ ತೆಗೆದು ಲೋಹ, ಸೆರಾಮಿಕ್, ಗಟ್ಟಿ ಪ್ಲಾಸ್ಟಿಕ್‌ನಿಂದ ಮಾಡಿದ ಕೀಲನ್ನು ಕೂರಿಸುತ್ತಾರೆ. ಮೂಳೆ ಮುರಿದವರಲ್ಲಿ ಕೆಲವರಿಗೆ ಗುಂಡನ್ನು ಮಾತ್ರ ಬದಲಿಸುವುದೂ ಉಂಟು. ಇಂದಿನ ಈ ವಿಧಾನಕ್ಕೆ 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್ಲಿ ತಳಪಾಯ ಹಾಕಿದರು.

ಕೀಲು ಹೊಸದು. ಆದರೆ ಅದರ ಸುತ್ತಲಿನ ಸ್ನಾಯು, ಚರ್ಮ ನಮ್ಮವೇ. ಅವನ್ನು ಕೊಯ್ದು ಹೊಲಿದಿರುತ್ತಾರೆ. ಆದ್ದರಿಂದ ಆಪರೇಷನ್ ನಂತರ ನೋವು ಇದ್ದೇ ಇರುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರ ಹೆಚ್ಚು, ಆರು ವಾರದ ಹೊತ್ತಿಗೆ ಸಾಕಷ್ಟು ಕಡಿಮೆ. ಪೂರ್ಣ ಬಲ ಬರಲು ಕೆಲವು ತಿಂಗಳು ಬೇಕು.

2. ಮಾತ್ರೆ ಯಾಕೆ, ಹೇಗೆ?

ನೋವಿನ ಮಾತ್ರೆ ಸುಖಕ್ಕಲ್ಲ, ನಡೆಯುವುದಕ್ಕೆ. ನೋವು ಹತೋಟಿಯಲ್ಲಿದ್ದರೆ ನಡೆಯಬಹುದು. ನಡೆದರೆ ಸ್ನಾಯು ಗಟ್ಟಿಯಾಗುತ್ತದೆ, ರಕ್ತ ಸರಿಯಾಗಿ ಹರಿಯುತ್ತದೆ.

• ಮೊದಲ ದಿನಗಳಲ್ಲಿ ವೈದ್ಯರು ಹೇಳಿದ ಹೊತ್ತಿಗೆ ಮಾತ್ರೆ ತೆಗೆದುಕೊಳ್ಳಿ. ನೋವು ತಲೆಗೇರಿದ ಮೇಲೆ ಅದನ್ನು ಇಳಿಸುವುದು ಕಷ್ಟ.
• ವ್ಯಾಯಾಮಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ಮಾತ್ರೆ ಬರುವಂತೆ ಹೊಂದಿಸಿಕೊಳ್ಳಿ.
• ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎಂಟಕ್ಕಿಂತ ಹೆಚ್ಚು ಯಾರೂ ನುಂಗಬಾರದು. ತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಶೀತ-ಜ್ವರದ ಅನೇಕ ಮಾತ್ರೆಗಳಲ್ಲೂ ಅದೇ ಔಷಧಿ ಇರುತ್ತದೆ, ಎಚ್ಚರ.
• ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನು ನೀವಾಗಿ ಅಂಗಡಿಯಿಂದ ತರಬೇಡಿ. ಆ ತಾಯಿಯ ಹೆದರಿಕೆ ಪೂರ್ತಿ ಸುಳ್ಳಲ್ಲ. ಇವುಗಳಿಂದ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಆಗಬಹುದು. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ರಕ್ತಸ್ರಾವವೂ ಆಗಬಹುದು. ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಹೆದರಿಕೆ ಇದ್ದರೆ ಕೇಳಬೇಕು, ಸುಮ್ಮನೆ ಬಿಡಬಾರದು.
• ಟ್ರಮಡಾಲ್‌ನಂಥ ಬಲವಾದ ಮಾತ್ರೆಯಿಂದ ತಲೆಸುತ್ತು, ಮಲಬದ್ಧತೆ ಬರಬಹುದು. ಅದನ್ನು ಹೇಳಿದಷ್ಟೇ ದಿನ ತೆಗೆದುಕೊಳ್ಳಿ. ನೀರು, ಸೊಪ್ಪು, ಹಣ್ಣು ಹೆಚ್ಚಿರಲಿ.
• ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೇಳಿದಷ್ಟು ದಿನ ಒಂದು ಹೊತ್ತೂ ತಪ್ಪಿಸಬೇಡಿ.
• ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಟ್ಟರೆ ಊತ, ನೋವು ಇಳಿಯುತ್ತದೆ. ಗಾಯ ಒದ್ದೆಯಾಗಬಾರದು.

ನೋವನ್ನು ಅಳೆಯಲು ಹಿರಿಯರಿಗೆ ಒಂದು ಸುಲಭ ದಾರಿ: ರೂಪಾಯಿಯಲ್ಲಿ ಎಷ್ಟಾಣೆ ನೋವು? ನಾಲ್ಕಾಣೆ ಇದ್ದರೆ ನಡೆಯಿರಿ. ಎಂಟಾಣೆ ಆದರೆ ಸ್ವಲ್ಪ ವಿಶ್ರಾಂತಿ ಪಡೆಯಿರಿ. ಮಾತ್ರೆ ತೆಗೆದುಕೊಂಡರೂ ಹನ್ನೆರಡಾಣೆ ಉಳಿದರೆ ವೈದ್ಯರಿಗೆ ತಿಳಿಸಿ.

3. ನಡಿಗೆ

ಮಲಗಿದ್ದಾಗಲೂ ಗಂಟೆಗೊಮ್ಮೆ ಹತ್ತು ಸಲ ಪಾದವನ್ನು ಮೇಲೆ ಕೆಳಗೆ ಆಡಿಸಿ. ವೈದ್ಯರು ಹೇಳಿದಷ್ಟೇ ಭಾರ ಹಾಕಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನಡೆಯಿರಿ. ಮೊದಲು ವಾಕರ್, ನಂತರ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆಯ ಕಾಲು. ಕೋಲು ಹಿಡಿಯುವಾಗ ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ ಹಿಡಿಯಿರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ.

4. ಮಾಡಬಾರದ್ದು

ನಮ್ಮ ಹೆಂಗಸರ ಕೆಲಸವೆಲ್ಲ ನೆಲದ ಮೇಲೆಯೇ. ಕುಕ್ಕರುಗಾಲಲ್ಲಿ ಕೂತು ಪಾತ್ರೆ ತೊಳೆಯುವುದು, ಬಗ್ಗಿ ಕಸ ಗುಡಿಸುವುದು, ಚಾಪೆಯಲ್ಲಿ ಚಕ್ಕಳಮಕ್ಕಳ ಹಾಕುವುದು, ಕೂತು ಬಳಸುವ ಪಾಯಿಖಾನೆ – ಇವುಗಳಲ್ಲಿ ಸೊಂಟ ತುಂಬಾ ಮಡಚುತ್ತದೆ, ಹೊಸ ಕೀಲು ಜಾರಬಹುದು. ಸಾಮಾನ್ಯವಾಗಿ ಮೊದಲ ಆರರಿಂದ ಹನ್ನೆರಡು ವಾರ ಇವು ಬೇಡ. ಕುಕ್ಕರುಗಾಲಲ್ಲಿ ಕೂರುವುದನ್ನು ಅನೇಕ ವೈದ್ಯರು ಮುಂದೆಯೂ ಬೇಡ ಎನ್ನುತ್ತಾರೆ, ಕೇಳಿ ತಿಳಿಯಿರಿ. ಎತ್ತರದ ಕುರ್ಚಿ, ಮಂಚ, ಕಮೋಡ್ ಕುರ್ಚಿ ಬಳಸಿ. ಕಾಲಮೇಲೆ ಕಾಲು ಹಾಕಬೇಡಿ. ಮಲಗುವಾಗ ಎರಡು ಕಾಲುಗಳ ನಡುವೆ ದಿಂಬಿರಲಿ. ಗಾಯಕ್ಕೆ ಎಣ್ಣೆ, ಸೊಪ್ಪಿನ ರಸ ಹಚ್ಚಬೇಡಿ. ಕಾಲು ಎಳೆದು ತಿಕ್ಕಿಸಬೇಡಿ.

5. ತಕ್ಷಣ ಆಸ್ಪತ್ರೆಗೆ

• ಮೀನಖಂಡದಲ್ಲಿ ಊತ, ಬಿಗಿತ, ನೋವು
• ಉಸಿರುಗಟ್ಟುವುದು, ಎದೆನೋವು (108ಕ್ಕೆ ಕರೆ ಮಾಡಿ)
• ಗಾಯ ಕೆಂಪಾಗುವುದು, ಕೀವು, ಜ್ವರ
• ಇದ್ದಕ್ಕಿದ್ದಂತೆ ತೀವ್ರ ನೋವು, ಕಾಲು ಗಿಡ್ಡವಾಗಿ ಅಥವಾ ತಿರುಚಿ ಕಾಣುವುದು

6. ಸಂಘ ಏನು ಮಾಡಬಹುದು?

ಆ ತಾಯಿ ಮಾತ್ರೆ ಬಿಡಲು ಇನ್ನೊಂದು ಕಾರಣವಿತ್ತು. ಅದನ್ನು ಅವರು ಹೇಳಿದ್ದು ಬಹಳ ದಿನದ ಮೇಲೆ. "ಸಾಲದ ಕಂತು ಬಾಕಿ ಇತ್ತು ಸಿಸ್ಟರ್, ಮಾತ್ರೆಗೆ ಅಂತ ಮಗನ ಹತ್ರ ಹೇಗೆ ಕೇಳೋದು?" ವರ್ಷಗಟ್ಟಲೆ ಜೊತೆಯಲ್ಲಿ ಉಳಿತಾಯ ಮಾಡಿದ ನಮಗೆ ಇದು ಗೊತ್ತೇ ಇರಲಿಲ್ಲ. ನಾವು ಪುಸ್ತಕದಲ್ಲಿ ಕಂತು ಬರೆದೆವು, ಮುಖ ನೋಡಲಿಲ್ಲ.

ಆದ್ದರಿಂದ, ಕಾಯಿಲೆ ಬಿದ್ದ ಸದಸ್ಯೆಯ ಕಂತನ್ನು ಕೆಲವು ತಿಂಗಳು ಮುಂದೂಡಲು ಸಭೆಯಲ್ಲಿ ನಿರ್ಣಯ ಮಾಡಿ. ದಿನಕ್ಕೊಬ್ಬರಂತೆ ಹೋಗಿ ಮಾತ್ರೆ ಚೀಟಿ ಓದಿ ಹೇಳಿ, ನಾಲ್ಕು ಹೆಜ್ಜೆ ನಡೆಸಿ. ಸಂಘದ ಹಣದಿಂದ ಒಂದು ವಾಕರ್, ಒಂದು ಕಮೋಡ್ ಕುರ್ಚಿ ಕೊಂಡರೆ ಊರಿಗೇ ಉಪಯೋಗ. ಆಪರೇಷನ್ನಿಗೆ ಸಾಲ ಮಾಡುವ ಮೊದಲು ರೇಷನ್ ಕಾರ್ಡ್, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ.

ಆ ತಾಯಿ ಈಗ ಕೋಲು ಊರಿ ಸಭೆಗೆ ಬರುತ್ತಾರೆ. ಎಲ್ಲರೂ ಚಾಪೆಯಲ್ಲಿ ಕೂತರೆ ಅವರಿಗೊಂದು ಕುರ್ಚಿ. ಮೊದಮೊದಲು ನಾಚಿಕೊಂಡರು. ಈಗ ತಡವಾದರೆ "ನನ್ನ ಕುರ್ಚಿ ಎಲ್ಲಿ?" ಎಂದು ಬಾಗಿಲಿನಿಂದಲೇ ಕೇಳುತ್ತಾರೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮಲ್ಲಿ ಯಾರು ನೋವನ್ನು ಹೇಳದೆ ನುಂಗುತ್ತಿದ್ದೇವೆ? ಯಾಕೆ?
2. ನಮ್ಮ ಮನೆಯ ಬಚ್ಚಲು ಜಾರದಂತೆ ಈ ವಾರ ಏನು ಮಾಡಬಹುದು?
3. ಕಾಯಿಲೆ ಬಿದ್ದ ಸದಸ್ಯೆಯ ಕಂತಿನ ಬಗ್ಗೆ ನಮ್ಮ ಸಂಘದ ನಿರ್ಣಯವೇನು?