ಲಂಟಾನದ ಆನೆ, ಗದ್ದೆಯ ಆನೆ



2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಆನೆಗಳ ಹಿಂಡೊಂದನ್ನು ಕಂಡೆ. ಜೀವಂತ ಆನೆಗಳಲ್ಲ, ಲಂಟಾನದ ಕಡ್ಡಿಗಳಿಂದ ಕಟ್ಟಿದ, ನಿಜಗಾತ್ರದ ಕಲಾಕೃತಿಗಳು. ನೀಲಗಿರಿಯ ಗೂಡಲೂರು ಕಡೆಯ ಬೆಟ್ಟಕುರುಂಬ, ಪಣಿಯ ಮೊದಲಾದ ಆದಿವಾಸಿಗಳ ಕೈಕೆಲಸ. ಒಂದೊಂದೂ ಆ ಕಾಡಿನ ಒಂದೊಂದು ಆನೆಯ ಪಡಿಯಚ್ಚು. ಅದೇ ವರ್ಷ ಇಂತಹ 100 ಆನೆಗಳು ಅಮೆರಿಕಕ್ಕೂ ಹೋದವು.

ಲಂಟಾನ ಮೂಲತಃ ಅಮೆರಿಕ ಖಂಡದ ಗಿಡ. ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆಂದು ತಂದದ್ದು ಕಾಡಿಗೆ ನುಗ್ಗಿತು. ಅದರ ಪೊದೆಯಡಿ ಹುಲ್ಲು ಏಳುವುದಿಲ್ಲ, ದನ ತಿಂದರೆ ವಿಷ. ಆನೆಯ ಮೇವು ಕಸಿದ ಗಿಡವನ್ನೇ ಕಡಿದು ಆನೆ ಮಾಡಿದ್ದಾರೆ! ಮನುಷ್ಯನೂ ಪ್ರಾಣಿಯೂ ಕೂಡಿ ಬಾಳಬಹುದೆಂಬುದು ಪ್ರದರ್ಶನದ ಸಂದೇಶ.

ಈ ಮಾತನ್ನು ನಮ್ಮ ಹಳಿಯಾಳ, ಮುಂಡಗೋಡದ ರೈತರಿಗೆ ಹೇಳಿ ನೋಡಿ. ಭತ್ತದ ತೆನೆ ಬಲಿಯುವ ಹೊತ್ತಿಗೆ ದಾಂಡೇಲಿ ಕಾಡಿನ ಕಡೆಯಿಂದ ಆನೆ ಬರುತ್ತದೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಹೋಗುತ್ತದೆ. ಚಳಿಯಲ್ಲಿ ಮಾಳದ ಮೇಲೆ ಕುಳಿತು, ಡಬ್ಬ ಬಡಿದು ಬೆಳಗು ಮಾಡಿದವನು ಭಾನುವಾರದ ಪೂಜೆಯಲ್ಲಿ ತೂಕಡಿಸುತ್ತಾನೆ. (ಅಂಥವರನ್ನು ನಾನು ಎಬ್ಬಿಸುವುದಿಲ್ಲ.)

ಆದಿಕಾಂಡದ 2ನೇ ಅಧ್ಯಾಯವನ್ನು ತೆರೆಯಿರಿ. ದೇವರು ಮಾನವನನ್ನು ಏದೆನ್ ತೋಟದಲ್ಲಿ ಇಟ್ಟದ್ದು ಉಳುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ. ಹಿಬ್ರೂ ಮೂಲದಲ್ಲಿ ಈ 'ಕಾಯು' ಎಂಬುದು 'ಶಮರ್'. 4ನೇ ಅಧ್ಯಾಯದಲ್ಲಿ ತಮ್ಮನನ್ನು ಕೊಂದ ಕಾಯಿನನು, ಅವನ ಕಾವಲು ತನ್ನ ಹೊಣೆಯಲ್ಲವೆಂದು ಜಾರಿಕೊಳ್ಳುವಾಗ ಬಳಸುವುದೂ ಅದೇ ಧಾತುವಿನ ಪದ! ತೋಟದ ಕಾವಲು ಬೇರೆ, ತಮ್ಮನ ಕಾವಲು ಬೇರೆ ಎಂದು ಶ್ರೀಗ್ರಂಥ ಎಣಿಸುವುದಿಲ್ಲ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಕೇಳಬೇಕೆಂದು ಕಲಿಸಿದ್ದೂ ಇದನ್ನೇ.

ಆನೆಯನ್ನು ಪ್ರೀತಿಸಿ ರೈತನನ್ನು ಮರೆಯುವ ಪಟ್ಟಣಿಗನದು ಅರ್ಧ ಕಾವಲು. ಆನೆಗಳೆಲ್ಲ ತೊಲಗಲಿ ಎನ್ನುವ ನಮ್ಮದೂ ಅರ್ಧವೇ. ಜೋಯಿಡಾದ ಸೂಪಾ ಅಣೆಕಟ್ಟಿನ ನೀರಿನಡಿ ಊರೂ ಹೋಯಿತು, ಕಾಡೂ ಹೋಯಿತು. ಆ ವಿದ್ಯುತ್ತನ್ನು ಬಳಸುವವರು ನಾವೇ ಅಲ್ಲವೇ? ಆನೆಗೆ ದಾರಿ ತಪ್ಪಿಸಿದ ಲೆಕ್ಕದಲ್ಲಿ ನಮ್ಮ ಪಾಲೂ ಇದೆ. ಆದರೆ ಅದರ ದಂಡವನ್ನು ಕಾಡಂಚಿನ ಒಕ್ಕಲು ಒಬ್ಬನೇ ಕಟ್ಟುತ್ತಿದ್ದಾನೆ.

ಈ ಸುಗ್ಗಿಯಲ್ಲಿ ನಿಮ್ಮ ಧರ್ಮಕೇಂದ್ರದಲ್ಲಿ ಮಾಳ ಕಾಯುವ ಮನೆಗಳು ಯಾವುವೆಂದು ಜಪಸರದ ಹೊತ್ತಿಗೆ ಮಕ್ಕಳೊಡನೆ ಎಣಿಸಿ. ಒಬ್ಬನೇ ಗಂಡಾಳಿರುವ ಮನೆಗೆ ಒಂದು ರಾತ್ರಿಯಾದರೂ ನಿಮ್ಮ ಮನೆಯ ಯುವಕನನ್ನು ಜೊತೆಗೆ ಕಳುಹಿಸಿ. ಒಂದು ಫ್ಲಾಸ್ಕ್ ಚಹಾವನ್ನೂ ಕೊಟ್ಟು ಕಳುಹಿಸಿ.